ಪಾಯ ತೆಗೆಯುವುದಕ್ಕೆ ಮೊದಲು

ಮನೆಯನ್ನು ಕಟ್ಟತಕ್ಕವನು ಮೊದಲು ನೆಲವನ್ನು ಪರೀಕ್ಷಿಸಬೇಕೆಂಬುದು ನಮ್ಮ ಪೂರ್ವಿಕರ ಮತವಾಗಿದ್ದಿತು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಮಯಮತವೇ ಮೊದಲಾದ ಶಿಲ್ಪಗ್ರಂಥಗಳಲ್ಲಿಯೂ ಈ ಭೂಪರೀಕ್ಷೆಯ ಕ್ರಮವು ಹೇಳಲ್ಪಟ್ಟಿರುತ್ತದೆ. ನಿವೇಶನದ ಮಧ್ಯದಲ್ಲಿ ಒಂದು ಮೊಳದ ಗುಳಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ಅದಕ್ಕೆ ತುಂಬಿದಾಗ ಮಣ್ಣು ಮಿಕ್ಕರೆ ನೆಲವು ಉತ್ತಮವೆಂದೂ, ಸರಿಹೋದರೆ ಮಧ್ಯಮವೆಂದೂ, ಸಾಲದೆ ಹೋದರೆ ಅಧಮವೆಂದೂ ತಿಳಿಯತಕ್ಕದ್ದು. ಇದಲ್ಲದೆ ಶಲ್ಯಶೋಧನವೆಂಬ ಇನ್ನೊಂದು ವಿಧಿಯೂ ಉಂಟು. ನೆಲದೊಳಗೆ ಹುದುಗಿರುವ ಮರದ ತುಂಡು, ಎಲುಬು, ಕಬ್ಬಿಣ, ಇದ್ದಲು, ಬೂದಿ ಮುಂತಾದುವಕ್ಕೆ ಶಲ್ಯಗಳೆಂದು ಹೆಸರು. ಅವನ್ನು ಹುಡುಕಿ ತೆಗೆದುಹಾಕಿದ ಹೊರತು ಮನೆಗೆ ಕ್ಷೇಮವಿಲ್ಲವೆಂದು ಶಾಸ್ತ್ರಕಾರರು ಎಣಿಸಿದ್ದರು.

ವಿನೋದವೇನೆಂದರೆ, ಅವರು ತೆಗೆದೆಸೆಯಬೇಕೆಂದು ಹೇಳಿದ ಪದಾರ್ಥಗಳ ಪಟ್ಟಿಯೇ ಇಂದಿನ ಪುರಾತತ್ತ್ವಜ್ಞರು ಆದರದಿಂದ ಅರಸುವ ಪದಾರ್ಥಗಳ ಪಟ್ಟಿಯೂ ಆಗಿದೆ. ಇದ್ದಲಿನ ತುಣುಕಿನಿಂದ ಅವರು ಕಾಲವನ್ನು ಎಣಿಸುತ್ತಾರೆ; ಎಲುಬುಗಳಿಂದ ಹಿಂದಿನ ಜನರ ಊಟವನ್ನೂ ಅವರು ಸಾಕಿದ ಪಶುಗಳನ್ನೂ ಅರಿಯುತ್ತಾರೆ; ಬೂದಿಯ ಪದರದಿಂದ ಊರು ಬೆಂದುಹೋದ ಸಂಗತಿಯನ್ನು ತಿಳಿಯುತ್ತಾರೆ. ಹಳೆಯ ಪಟ್ಟಣದಲ್ಲಿ ಇದ್ದ ಕಟ್ಟಡವನ್ನು ಕೆಡವಿ ಹೊಸದನ್ನು ಎತ್ತುವುದಕ್ಕೆ ಮೊದಲು, ಆ ನೆಲದೊಳಗೆ ಏನಿದೆ, ಎಷ್ಟು ಆಳದಲ್ಲಿದೆ, ಎಂಥ ಸ್ಥಿತಿಯಲ್ಲಿದೆ, ಅದರ ಯೋಗ್ಯತೆಯೆಷ್ಟು ಎಂಬುದನ್ನು ಅಲ್ಲಲ್ಲಿ ಸ್ವಲ್ಪವಾಗಿ ಅಗೆದು ತಿಳಿಯುವ ಪದ್ಧತಿಯೊಂದು ಇಂಗ್ಲೆಂಡು ದೇಶದಲ್ಲಿ ನೆಲೆಗೊಂಡಿದೆ. ಇದನ್ನು ನವೀನ ಭೂಪರೀಕ್ಷೆಯೆಂದು ಕರೆಯಬಹುದು. ಈ ಪದ್ಧತಿಯು ಪಂಡಿತರ ಕೋಣೆಯಲ್ಲಿ ಹುಟ್ಟಿದುದಲ್ಲ. ಲಂಡನ್ ಮೊದಲಾದ ಪಟ್ಟಣಗಳ ಜನರು ತಮ್ಮ ಕಣ್ಣೆದುರಿಗೆ ಆದ ನಷ್ಟವನ್ನು ಕಂಡು, ಜಗಳವಾಡಿ, ಕೊನೆಗೆ ಒಂದು ನಿಯಮಕ್ಕೆ ಬಂದುದರ ಫಲವು ಇದು. ಆ ಕಥೆಯನ್ನು ನಮ್ಮ ಗೃಹಸ್ಥರೂ ತಿಳಿದಿರುವುದು ಮೇಲು.

ಹಳೆಯ ಊರಿನ ನೆಲವು ವರ್ಷೇ ವರ್ಷೇ ಮೇಲಕ್ಕೇರುತ್ತಿರುವುದೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮಣ್ಣಿನ ಗೋಡೆಯ ಮನೆಯು ಬಿದ್ದರೆ ಆ ಮಣ್ಣನ್ನು ಯಾರೂ ಊರ ಹೊರಕ್ಕೆ ಹೊರುವುದಿಲ್ಲ. ಅದನ್ನೇ ತಟ್ಟಿ ಸಮಮಾಡಿ ಅದರ ಮೇಲೆ ಮತ್ತೊಂದು ಮನೆಯನ್ನು ಕಟ್ಟುತ್ತಾರೆ. ಒಲೆಯ ಬೂದಿ, ಒಡೆದ ಮಡಕೆ, ಕೊಟ್ಟಿಗೆಯ ಕಸ, ಬೀದಿಗೆ ಹಾಕಿದ ಜಲ್ಲಿ ಎಲ್ಲವೂ ಅಲ್ಲಲ್ಲಿಯೇ ಸೇರುತ್ತವೆ. ಹಳೆಯ ಗುಡಿಗಳಿಗೆ ನಾವು ಮೆಟ್ಟಲಿಳಿದು ಹೋಗುವುದುಂಟಷ್ಟೆ. ಗುಡಿಯು ಭೂಮಿಯೊಳಗೆ ಇಳಿದುದರಿಂದ ಹೀಗಾದುದಲ್ಲ. ಸುತ್ತಲಿನ ಬೀದಿಯೇ ಏರಿತು. ಹೀಗೆ ಒಂದರ ಮೇಲೊಂದು ಕೂತ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಈ ಕ್ರಮವು ಕೆಡದೆ ಇರುವಷ್ಟು ಕಾಲ ಆ ನೆಲವು ಪುಟವಿಟ್ಟ ಗ್ರಂಥದಂತೆ ಓದಲು ಬರುತ್ತದೆ. ಹಾರೆ ಗುದ್ದಲಿಗಳಿಂದ ಒಮ್ಮೆ ಕಲಸಿಹಾಕಿದ ಮೇಲೆ ಅದರಲ್ಲಿ ದೊರೆತ ನಾಣ್ಯವು ನಾಣ್ಯವಾಗಿ ಉಳಿಯುವುದೇ ಹೊರತು, ಯಾರ ಮನೆಯ ನಾಣ್ಯ, ಯಾವ ಕಾಲದಲ್ಲಿ ಬಿದ್ದುದು ಎಂಬುದನ್ನು ಹೇಳಲಾರದು.

ಲಂಡನ್ ಪಟ್ಟಣದ ನೆಲವು ಇಂಥ ಗ್ರಂಥಗಳಲ್ಲಿ ಬಹು ದಪ್ಪವಾದ ಒಂದು. ರೋಮನರು ಕ್ರಿಸ್ತಶಕ ಮೊದಲನೆಯ ಶತಮಾನದ ನಡುವೆ ಥೇಮ್ಸ್ ನದಿಯ ದಡದಲ್ಲಿ ಲಂಡಿನಿಯಮ್ ಎಂಬ ಊರನ್ನು ಕಟ್ಟಿದರು. ಸುಮಾರು ಕ್ರಿ. ಶ. ೬೦ರಲ್ಲಿ ಬೌಡಿಕಾ ಎಂಬ ಆ ದೇಶದ ರಾಣಿಯು ರೋಮನರ ಮೇಲೆ ದಂಗೆಯೆದ್ದು ಊರನ್ನು ಸುಟ್ಟುಬಿಟ್ಟಳು. ಆಗ ಬೆಂದು ಕೆಂಪಾದ ಮಣ್ಣಿನ ಪದರವು ಇಂದಿಗೂ ನಗರದ ಅನೇಕ ಕಡೆ ಅಗೆದಾಗ ಕಾಣಿಸುತ್ತದೆ. ಅದರ ಮೇಲೆ ಮತ್ತೆ ರೋಮನರ ಊರು, ಅದರ ಮೇಲೆ ಮಧ್ಯಯುಗದ ಊರು, ಅದರ ಮೇಲೆ ೧೬೬೬ನೆಯ ಇಸವಿಯ ಮಹಾದಹನದ ಬೂದಿ, ಎಲ್ಲಕ್ಕಿಂತ ಮೇಲೆ ೧೯೪೦-೪೧ರಲ್ಲಿ ಜರ್ಮನರ ಬಾಂಬುಗಳು ಕೆಡವಿದ ಇಟ್ಟಿಗೆಯ ರಾಶಿ. ಕೆಲವು ಕಡೆ ರೋಮನರು ನಡೆದಾಡಿದ ನೆಲವು ಇಂದಿನ ಬೀದಿಗಿಂತ ಏಳು ಮೀಟರು, ಎಂದರೆ ಇಪ್ಪತ್ತುಮೂರು ಅಡಿಗಳಷ್ಟು ಕೆಳಗೆ ಇದೆ.

ಯುದ್ಧವು ಮುಗಿದ ತರುವಾಯ ಹಾಳುಬಿದ್ದ ನಿವೇಶನಗಳಲ್ಲಿ ಹೊಸ ಕಟ್ಟಡಗಳು ಏಳುವುದಕ್ಕೆ ಮುಂಚೆ ಆದಷ್ಟನ್ನು ನೋಡಿಕೊಳ್ಳೋಣವೆಂದು ಕೆಲವರು ವಿದ್ವಾಂಸರು ಸೇರಿ ೧೯೪೬ರಲ್ಲಿ ಒಂದು ಮಂಡಲಿಯನ್ನು ಏರ್ಪಡಿಸಿದರು. ಅದರ ಉತ್ಖನನಗಳನ್ನು ನಡೆಯಿಸಿದವರು ಡಬ್ಲ್ಯು. ಎಫ್. ಗ್ರೈಮ್ಸ್ ಎಂಬವರು. ಅವರ ಕೈಯಲ್ಲಿ ಹಣವೂ ಸ್ವಲ್ಪ, ಕಾಲವೂ ಸ್ವಲ್ಪ. ಕಾನೂನಿನ ಬಲವಂತೂ ಇರಲಿಲ್ಲ. ಭೂಸ್ವಾಮಿಯು ದಾಕ್ಷಿಣ್ಯದಿಂದ ಬಿಟ್ಟುಕೊಟ್ಟಷ್ಟು ದಿವಸ ಅಗೆಯುವುದು, ಯಂತ್ರಗಳು ಬಂದೊಡನೆ ಎದ್ದುಹೋಗುವುದು, ಇಷ್ಟೇ ಸಾಧ್ಯವಾಗಿದ್ದಿತು. ವಾಲ್‌ಬ್ರೂಕ್ ಎಂಬ ಹಳೆಯ ಹಳ್ಳವು ಹರಿಯುತ್ತಿದ್ದ ಸ್ಥಳದಲ್ಲಿ, ಬಕ್ಲರ್ಸ್‌ಬರಿ ಹೌಸ್ ಎಂಬ ದೊಡ್ಡ ಕಚೇರಿಯ ಕಟ್ಟಡಕ್ಕಾಗಿ ನೆಲವನ್ನು ತೆರವು ಮಾಡಿದಾಗ, ಅವರು ಅಲ್ಲಿ ಅರುವತ್ತು ಅಡಿಗಳಷ್ಟು ಉದ್ದವಾದ ಒಂದು ಕಲ್ಲಿನ ಕಟ್ಟಡದ ಪಾಯವನ್ನು ಕಂಡರು. ೧೯೫೪ನೆಯ ಸೆಪ್ಟೆಂಬರು ೧೮ನೆಯ ತಾರೀಖು, ಕೆಲಸವನ್ನು ನಿಲ್ಲಿಸತಕ್ಕ ಗಡುವು ಬಂದೇಬಿಟ್ಟಿತೆನ್ನುವಾಗ, ಮಣ್ಣಿನೊಳಗಿಂದ ಅಮೃತಶಿಲೆಯ ಒಂದು ತಲೆಯು ಹೊರಬಿದ್ದಿತು. ಬಾಗಿದ ಟೊಪ್ಪಿಗೆಯನ್ನು ಧರಿಸಿದ, ತರುಣನ ಮುಖ. ಅದು ಮಿಥ್ರಾಸ್ ಎಂಬ ದೇವತೆಯ ವಿಗ್ರಹದ ಶಿರಸ್ಸು. ಆ ಕಟ್ಟಡವು ಆ ದೇವತೆಯ ಗುಡಿ.

ಈ ದೇವತೆಯ ಹೆಸರು ನಮಗೆ ಪರಕೀಯವಾದುದಲ್ಲ. ಋಗ್ವೇದದಲ್ಲಿ ವರುಣನೊಡನೆ ಸ್ತುತಿಸಲ್ಪಡುವ ಮಿತ್ರನೂ ಪಾರಸಿಕರ ಅವೆಸ್ತಾ ಗ್ರಂಥದ ಮಿಥ್ರನೂ ಒಂದೇ ಮೂಲದ ಹೆಸರುಳ್ಳವರೆಂದು ಭಾಷಾಶಾಸ್ತ್ರಜ್ಞರು ನಿಶ್ಚಯಿಸಿದ್ದಾರೆ. ಪಾರಸಿಕರ ಆ ಹೆಸರೇ ರೋಮನ್ ಸಿಪಾಯಿಗಳ ಮತ್ತು ವರ್ತಕರ ನಡುವೆ ಹಬ್ಬಿ, ಬೇರೊಂದು ರೂಪವನ್ನೂ ಪೂಜಾಕ್ರಮವನ್ನೂ ತಳೆದು, ಮೂರನೆಯ ಶತಮಾನದಲ್ಲಿ ಥೇಮ್ಸ್ ನದಿಯ ದಡಕ್ಕೆ ಮುಟ್ಟಿದ್ದಿತು.

ವೃತ್ತಪತ್ರಿಕೆಗಳಲ್ಲಿ ಆ ಮುಖದ ಚಿತ್ರವು ಅಚ್ಚಾದುದೇ ತಡ, ಲಂಡನ್ನಿನ ಜನರೆಲ್ಲ ಅಲ್ಲಿಗೆ ಮುಗಿಬಿದ್ದರು. ಮೈಲಿಗಟ್ಟಲೆ ಸಾಲು ನಿಂತು, ಎರಡು ವಾರಗಳಲ್ಲಿ ಸುಮಾರು ನಾಲ್ಕು ಲಕ್ಷ ಜನರು ಆ ಕೆಸರುಗುಂಡಿಯನ್ನು ನೋಡಿ ಹೋದರೆಂದು ಹೇಳುತ್ತಾರೆ. ಚರ್ಚಿಲ್ಲರ ಮಂತ್ರಿಮಂಡಲದಲ್ಲಿಯೂ ಈ ವಿಷಯವು ಚರ್ಚೆಗೆ ಬಂದಿತು. ಆದರೆ ಕಟ್ಟಡದ ನಕ್ಷೆಯು ಆಗಲೇ ಸಿದ್ಧವಾಗಿದ್ದಿತು, ಕರಾರುಗಳು ಆಗಿಹೋಗಿದ್ದುವು. ಕೊನೆಗೆ ಗುಡಿಯ ಕಲ್ಲುಗಳನ್ನು ಕಿತ್ತು ಬೇರೆಡೆ ಇರಿಸಿ, ೧೯೬೨ರಲ್ಲಿ ಸುಮಾರು ನೂರು ಮೀಟರು ದೂರದಲ್ಲಿ, ಬೀದಿಯ ಮಟ್ಟದಲ್ಲಿ, ಸಿಮೆಂಟಿನ ಗಾರೆಯಿಂದ ಮತ್ತೆ ಜೋಡಿಸಿದರು. ಮೂಲದಲ್ಲಿ ಹಳ್ಳದ ಪಕ್ಕದಲ್ಲಿ, ಕತ್ತಲೆಯಲ್ಲಿ, ನೆಲಕ್ಕಿಂತ ತಗ್ಗಾಗಿ ಇದ್ದ ಗುಡಿಯು ಈಗ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕುಳಿತಿತು. ಕಲ್ಲುಗಳೇನೋ ಉಳಿದುವು, ಅವು ಇದ್ದ ಸನ್ನಿವೇಶವು ಉಳಿಯಲಿಲ್ಲ. ಗ್ರೈಮ್ಸರಿಗೆ ಆ ಪುನರ್ನಿರ್ಮಾಣವು ಒಪ್ಪಿಗೆಯಾಗಿರಲಿಲ್ಲ. ಮೊದಲೇ ಅಲ್ಲಿ ಗುಡಿಯುಂಟೆಂದು ತಿಳಿದಿದ್ದರೆ ಕಟ್ಟಡದ ನಕ್ಷೆಯನ್ನೇ ಬೇರೆಯಾಗಿ ಬರೆಯಬಹುದಾಗಿದ್ದಿತಲ್ಲವೆ ಎಂಬ ಪ್ರಶ್ನೆಯು ಉಳಿದುಹೋಯಿತು.

ಮೂವತ್ತೈದು ವರ್ಷಗಳ ತರುವಾಯ ಅದೇ ಪ್ರಶ್ನೆಯು ಇನ್ನೂ ಗಟ್ಟಿಯಾಗಿ ಕೇಳಿಬಂದಿತು. ಥೇಮ್ಸಿನ ದಕ್ಷಿಣ ದಡದಲ್ಲಿ, ಸದರ್ಕ್ ಎಂಬ ಕೇರಿಯಲ್ಲಿ, ಒಂದು ಹಳೆಯ ಕಚೇರಿಯನ್ನು ಕೆಡವಿ ಹೊಸದನ್ನು ಕಟ್ಟುವ ಏರ್ಪಾಡಾಯಿತು. ಅಲ್ಲಿಯೇ ಫಿಲಿಪ್ ಹೆನ್ಸ್ಲೊ ಎಂಬಾತನು ೧೫೮೭ರಲ್ಲಿ ರೋಸ್ ಎಂಬ ನಾಟಕಶಾಲೆಯನ್ನು ಕಟ್ಟಿಸಿದ್ದನೆಂಬುದು ಹಳೆಯ ದಾಖಲೆಗಳಿಂದ ತಿಳಿದಿದ್ದ ವಿಷಯವೇ. ಮಾರ್ಲೊ ಮತ್ತು ಷೇಕ್ಸ್‌ಪಿಯರ್ ಕವಿಗಳ ನಾಟಕಗಳು ಆ ರಂಗದ ಮೇಲೆ ಆಡಲ್ಪಟ್ಟಿದ್ದುವು. ಆದರೆ ನೆಲದೊಳಗೆ ಅದರಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಅಪ್ಪಣೆ ಕೊಡುವ ಮೊದಲೇ ಅಗೆದು ನೋಡುವ ನಿರ್ಬಂಧವು ಇರಲಿಲ್ಲ. ಅಪ್ಪಣೆಯು ದೊರೆತ ಮೇಲೆ, ೧೯೮೮ರ ಡಿಸೆಂಬರಿನಿಂದ, ಲಂಡನ್ ವಸ್ತುಸಂಗ್ರಹಾಲಯದವರು ಕೆಲವು ವಾರಗಳ ಅವಧಿಯಲ್ಲಿ ಅಲ್ಲಿ ಅಗೆದರು. ಬಹುಕೋನಾಕೃತಿಯ ನಾಟಕಶಾಲೆಯ ಪಾಯಗಳೂ, ರಂಗಸ್ಥಳದ ಗುರುತೂ, ನಿಂತು ನೋಡುವ ಸಾಮಾನ್ಯ ಪ್ರೇಕ್ಷಕರಿಗಾಗಿ ಹಾಸಿದ ನೆಲವೂ ಹೊರಬಂದುವು.

೧೯೮೯ರ ಮೇ ತಿಂಗಳಿನಲ್ಲಿ ಗಡುವು ಮುಗಿದು ಲಾರಿಗಳು ಬಂದಾಗ ನಟನಟಿಯರೂ ನಾಗರಿಕರೂ ಅಡ್ಡವಾಗಿ ನಿಂತರು. ಪೆಗ್ಗಿ ಆಷ್‌ಕ್ರಾಫ್ಟ್, ಜೂಡಿ ಡೆಂಚ್, ಇಯಾನ್ ಮೆಕೆಲನ್ ಮೊದಲಾದ ಪ್ರಸಿದ್ಧರು ಆ ಗುಂಪಿನ ಬೆಂಬಲಕ್ಕೆ ಬಂದರು. ಮರಣಕ್ಕೆ ಸಮೀಪವಾಗಿದ್ದ ಲಾರೆನ್ಸ್ ಒಲಿವಿಯರ್ ಅವರೂ ತಮ್ಮ ಸಮ್ಮತಿಯ ಸಂದೇಶವನ್ನು ಕಳುಹಿಸಿದರು. ಸರಕಾರದವರು ಒಂದು ಕಡೆ, ಕಟ್ಟಿಸುವವರು ಒಂದು ಕಡೆ, ವಿದ್ವಾಂಸರು ಇನ್ನೊಂದು ಕಡೆ ಎಳೆದಾಡಿದ ಮೇಲೆ ಕಟ್ಟಡದ ನಕ್ಷೆಯು ಬದಲಾಯಿತು. ನಾಟಕಶಾಲೆಯ ಅವಶೇಷವನ್ನು ಮರಳಿನಿಂದ ಮುಚ್ಚಿ, ಒಣಗಿ ಬಿರಿಯದಂತೆ ನೀರಿನಲ್ಲಿ ನೆನೆಯುವಂತೆ ಮಾಡಿ, ಅದರ ಮೇಲೆ ಕಂಬಗಳಿಲ್ಲದೆ ದಾಟುವ ಉದ್ದನೆಯ ತೊಲೆಗಳ ಆಧಾರದಿಂದ ಕಚೇರಿಯನ್ನು ಎತ್ತಿದರು. ರೋಸ್ ಉಳಿಯಿತು. ಆದರೆ ಕಟ್ಟಿಸಿದವನಿಗೆ ಅಪಾರವಾದ ಹೆಚ್ಚಿನ ವೆಚ್ಚವೂ ಕಾಲಹರಣವೂ ಆದುವು; ಪುರಾತತ್ತ್ವಜ್ಞರ ಮೇಲೆ ಅಪವಾದವು ಬಂದಿತು; ಸರಕಾರದವರಿಗೆ ಮುಖಭಂಗವಾಯಿತು. ಯಾರೊಬ್ಬರಿಗೂ ತೃಪ್ತಿಯಾಗಲಿಲ್ಲ.

ಈ ಜಗಳದಿಂದ ಹುಟ್ಟಿದ ಬುದ್ಧಿಯು ೧೯೯೦ರ ನವೆಂಬರಿನಲ್ಲಿ ಒಂದು ಸರಕಾರಿ ಸೂಚನಾಪತ್ರದ ರೂಪದಲ್ಲಿ ಹೊರಬಂದಿತು. ನಗರಯೋಜನೆಯ ಸೂಚನೆಗಳ ಸಾಲಿನಲ್ಲಿ ಅದು ಹದಿನಾರನೆಯದು. ಅದರ ಸಾರವು ಮೂರು ಮಾತುಗಳಲ್ಲಿ ಅಡಗುತ್ತದೆ. ಮೊದಲನೆಯದು: ನೆಲದೊಳಗೆ ಮುಖ್ಯವಾದ ಅವಶೇಷವಿರಬಹುದೆಂಬ ಸಂಶಯವಿದ್ದರೆ, ಕಟ್ಟಡಕ್ಕೆ ಅಪ್ಪಣೆ ಕೊಡುವ ಮೊದಲೇ ಪರೀಕ್ಷೆಯಾಗಬೇಕು. ಎರಡನೆಯದು: ರಾಷ್ಟ್ರಕ್ಕೆ ಮುಖ್ಯವಾದ ಅವಶೇಷವಾದರೆ ಅದನ್ನು ಇದ್ದ ಸ್ಥಳದಲ್ಲಿಯೇ ಕಾಪಾಡುವುದು ಉತ್ತಮ ಪಕ್ಷ. ಮೂರನೆಯದು: ಹಾಗೆ ಕಾಪಾಡಲು ಸಾಧ್ಯವಿಲ್ಲದಿದ್ದರೆ, ಕೆಡಿಸುವುದಕ್ಕೆ ಮೊದಲು ಪೂರ್ಣವಾಗಿ ಅಗೆದು, ಬರೆದು, ಪ್ರಕಟಿಸಬೇಕು, ಅದರ ವೆಚ್ಚವು ಕಟ್ಟಿಸುವವನ ಮೇಲೆ ಬೀಳತಕ್ಕದ್ದು. ಈ ಸೂಚನಾಪತ್ರದ ಸ್ಥಾನಕ್ಕೆ ೨೦೧೦ರಲ್ಲಿ ಒಂದೂ, ೨೦೧೨ರಲ್ಲಿ ಮತ್ತೊಂದೂ ಬಂದುವಾದರೂ ಮೂಲದ ತತ್ತ್ವವು ಬದಲಾಗಲಿಲ್ಲ.

ಪರೀಕ್ಷೆಯು ಹೇಗೆ ನಡೆಯುತ್ತದೆಂಬುದನ್ನು ಇನ್ನು ನೋಡೋಣ. ಮೊದಲನೆಯ ಹಂತದಲ್ಲಿ ಗುದ್ದಲಿಯನ್ನು ಮುಟ್ಟುವುದೇ ಇಲ್ಲ. ಎಲ್ಲವೂ ಮೇಜಿನ ಮುಂದೆ ಕುಳಿತು ಮಾಡತಕ್ಕ ಕೆಲಸ. ಹಳೆಯ ಭೂಪಟಗಳು, ಕ್ರಯಪತ್ರಗಳು, ತೆರಿಗೆಯ ಲೆಕ್ಕಗಳು, ನೆರೆಹೊರೆಯ ನಿವೇಶನಗಳಲ್ಲಿ ಹಿಂದೆ ದೊರೆತ ವಸ್ತುಗಳ ಪಟ್ಟಿ, ಎಂಜಿನಿಯರುಗಳು ನೆಲದ ಗಟ್ಟಿತನವನ್ನು ತಿಳಿಯಲು ಕೊರೆದ ರಂಧ್ರಗಳ ವರದಿ, ಇವೆಲ್ಲವನ್ನೂ ತರಿಸಿ ಹೋಲಿಸುತ್ತಾರೆ. ಲಂಡನ್ನಿನಲ್ಲಿ ಮಹಾದಹನದ ತರುವಾಯ ಅಳೆದು ೧೬೭೬ರಲ್ಲಿ ಸಿದ್ಧವಾದ ಆಗಿಲ್ಬಿ ಮತ್ತು ಮಾರ್ಗನ್ನರ ಭೂಪಟದಲ್ಲಿ ಒಂದೊಂದು ಮನೆಯ ರೇಖೆಯೂ ಕಾಣುತ್ತದೆ. ಇಲ್ಲಿ ವಿಚಾರಿಸತಕ್ಕ ಇನ್ನೊಂದು ಮುಖ್ಯವಿಷಯವುಂಟು. ಅದಾವುದೆಂದರೆ, ಈಗಿರುವ ಕಟ್ಟಡದ ನೆಲಮಾಳಿಗೆಯು ಎಷ್ಟು ಆಳಕ್ಕೆ ಹೋಗಿದೆ? ಹಿಂದಿನವರು ಮಾಳಿಗೆಯನ್ನು ತೋಡುವಾಗಲೇ ಗ್ರಂಥದ ಮೇಲಿನ ಪುಟಗಳನ್ನೆಲ್ಲ ಹರಿದು ಎಸೆದಿದ್ದರೆ, ಕೆಳಗಿನ ಪುಟಗಳಾದರೂ ಉಳಿದಿವೆಯೆ ಎಂಬುದನ್ನು ನೋಡಬೇಕಷ್ಟೆ.

ಎರಡನೆಯ ಹಂತದಲ್ಲಿ ಪರೀಕ್ಷೆಯ ತೋಡುಗಳನ್ನು ತೆಗೆಯುತ್ತಾರೆ. ಇಡೀ ನಿವೇಶನವನ್ನು ಅಗೆಯುವುದಿಲ್ಲ. ಅನ್ನವು ಬೆಂದಿದೆಯೆ ಎಂದು ನೋಡುವ ಗೃಹಿಣಿಯು ಒಂದೆರಡು ಅಗುಳನ್ನು ಹಿಸುಕಿ ನೋಡುವಳಲ್ಲವೆ? ಹಾಗೆ ನಿವೇಶನದ ನೂರರಲ್ಲಿ ಕೆಲವೇ ಪಾಲಿನಷ್ಟು ಸ್ಥಳವನ್ನು, ಬೇರೆ ಬೇರೆ ಮೂಲೆಗಳಲ್ಲಿ ಆರಿಸಿ ತೆರೆಯುತ್ತಾರೆ. ಮೇಲಿನ ಇಟ್ಟಿಗೆ, ಕಾಂಕ್ರೀಟುಗಳನ್ನು ಯಂತ್ರದಿಂದ ಎತ್ತಿಸಿದರೂ ಪುರಾತತ್ತ್ವಜ್ಞನೊಬ್ಬನು ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾನೆ. ಹಳೆಯ ಪದರವು ಕಂಡೊಡನೆ ಯಂತ್ರವನ್ನು ನಿಲ್ಲಿಸಿ, ಗಾರೆಯವನ ಕರಣೆಯಂಥ ಸಣ್ಣ ಹತ್ಯಾರದಿಂದ ಕೈಯಿಂದಲೇ ಕೆರೆಯುತ್ತಾರೆ. ಗೋಡೆಯಂತೆ ನೆಟ್ಟಗೆ ಕತ್ತರಿಸಿದ ತೋಡಿನ ಪಕ್ಕವನ್ನು ಶುದ್ಧಮಾಡಿದರೆ ಪದರಗಳು ಬಣ್ಣಬಣ್ಣದ ಪಟ್ಟಿಗಳಾಗಿ ಕಾಣುತ್ತವೆ. ಒಂದೊಂದು ಪದರಕ್ಕೂ ಒಂದು ಅಂಕೆಯನ್ನು ಕೊಟ್ಟು, ಅಳೆದು, ಚಿತ್ರ ಬರೆದು, ಭಾವಚಿತ್ರ ಹಿಡಿದು, ಅದರಲ್ಲಿ ದೊರೆತ ಬೋಕಿ ಎಲುಬುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಕಟ್ಟುತ್ತಾರೆ. ಸ್ವಲ್ಪ ಮಣ್ಣನ್ನು ನೀರಿನಲ್ಲಿ ತೊಳೆದು ಜರಡಿ ಹಿಡಿದರೆ ಸುಟ್ಟ ಧಾನ್ಯ, ಹಣ್ಣಿನ ಬೀಜ, ಮೀನಿನ ಮುಳ್ಳು ಮುಂತಾದುವು ದೊರೆಯುತ್ತವೆ. ಪ್ರಶ್ನೆಗೆ ಉತ್ತರವು ಬಂದ ಕೂಡಲೇ ಅಗೆತವನ್ನು ನಿಲ್ಲಿಸತಕ್ಕದ್ದು. ಈ ಸಂಯಮವೇ ಈ ಪರೀಕ್ಷೆಯ ಮರ್ಮ. ಏಕೆಂದರೆ ಎಷ್ಟು ಜಾಗರೂಕತೆಯಿಂದ ಅಗೆದರೂ, ಅಗೆದ ಭಾಗವು ಮರಳಿ ಬಾರದು.

ಮೂರನೆಯ ಹಂತವು ವರದಿ. ಇದನ್ನು ಓದಿ ನಗರದ ಅಧಿಕಾರಿಗಳು ನಿರ್ಣಯವನ್ನು ಮಾಡುತ್ತಾರೆ. ಏನೂ ಇಲ್ಲವೆಂದು ತಿಳಿದರೆ ಕಟ್ಟಿಸುವವನು ನಿಶ್ಚಿಂತನಾಗಿ ಕಟ್ಟಿಕೊಳ್ಳಬಹುದು. ಸ್ವಲ್ಪವಿದ್ದರೆ, ಪಾಯವನ್ನು ತೆಗೆಯುವಾಗ ಒಬ್ಬನು ಬಂದು ನೋಡುತ್ತಿರಬೇಕೆಂದು ವಿಧಿಸುತ್ತಾರೆ. ಹೆಚ್ಚಾಗಿದ್ದರೆ ಪಾಯದ ಕಂಬಗಳ ಸ್ಥಾನಗಳನ್ನು ಬದಲಾಯಿಸಿ, ಅಥವಾ ಆಳವಾದ ನೆಲಮಾಳಿಗೆಯನ್ನು ಬಿಟ್ಟುಬಿಟ್ಟು, ಅವಶೇಷವನ್ನು ಕೆಳಗೆ ಹಾಗೆಯೇ ಇರಿಸಿ ಮೇಲೆ ಕಟ್ಟಲು ಹೇಳುತ್ತಾರೆ. ಯಾರ್ಕ್ ಎಂಬ ಪುರಾತನ ನಗರದಲ್ಲಿ, ಹೊಸ ಕಟ್ಟಡದ ಪಾಯವು ನೆಲದೊಳಗಿನ ಪುರಾತನ ಪದರಗಳಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚನ್ನು ಕೆಡಿಸಕೂಡದೆಂಬ ಲೆಕ್ಕವು ೧೯೯೧ರ ಒಂದು ಪರಿಶೀಲನೆಯಿಂದ ಬಳಕೆಗೆ ಬಂದಿತು. ಇದಾವುದೂ ಸಾಧ್ಯವಾಗದಾಗ ಪೂರ್ಣವಾದ ಉತ್ಖನನವೇ ಗತಿ.

ಅಂಥ ಪೂರ್ಣ ಉತ್ಖನನದಿಂದ ಏನು ದೊರೆಯಬಹುದೆಂಬುದಕ್ಕೆ ವಾಲ್‌ಬ್ರೂಕಿನ ಅದೇ ನಿವೇಶನವೇ ಸಾಕ್ಷಿ. ಬಕ್ಲರ್ಸ್‌ಬರಿ ಹೌಸೂ ಹಳೆಯದಾಗಿ ಕೆಡವಲ್ಪಟ್ಟು, ೨೦೧೦ರಲ್ಲಿ ಆ ಭೂಮಿಯು ಬ್ಲೂಮ್‌ಬರ್ಗ್ ಎಂಬ ಸಂಸ್ಥೆಯ ಕೈಸೇರಿತು. ೨೦೧೪ರ ವರೆಗೆ ಲಂಡನ್ ವಸ್ತುಸಂಗ್ರಹಾಲಯದ ಪುರಾತತ್ತ್ವ ವಿಭಾಗದವರು ಅಲ್ಲಿ ಕ್ರಮವಾಗಿ ಅಗೆದರು. ಹದಿನಾಲ್ಕು ಸಾವಿರ ವಸ್ತುಗಳು ದೊರೆತುವು. ಹಳ್ಳದ ಒದ್ದೆಯಾದ ಕೆಸರಿನೊಳಗೆ ಗಾಳಿಯು ಹೊಗದಿದ್ದುದರಿಂದ ಮರವೂ ಚರ್ಮವೂ ಸಹ ಕೊಳೆಯದೆ ಉಳಿದಿದ್ದುವು. ಅವುಗಳಲ್ಲಿ ಅತ್ಯಂತ ಬೆಲೆಯುಳ್ಳವು ೪೦೫ ಮರದ ಬರೆವಣಿಗೆಯ ಹಲಗೆಗಳು.

ನಮ್ಮ ವರ್ತಕರು ಹಿಂದೆ ಲೆಕ್ಕವನ್ನು ಕಡತಗಳಲ್ಲಿ ಬರೆಯುತ್ತಿದ್ದರಷ್ಟೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಬಳಪದಿಂದ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಾಗಿದ್ದಿತು. ರೋಮನರ ಹಲಗೆಯೂ ಅಂಥದೇ. ಮರದಲ್ಲಿ ತಗ್ಗುಮಾಡಿ ಕಪ್ಪು ಮೇಣವನ್ನು ತುಂಬಿ, ಓಲೆಯ ಮೇಲೆ ಬರೆಯುವ ಕಂಟದಂಥ ಕಬ್ಬಿಣದ ಮೊನೆಯಿಂದ ಅದರ ಮೇಲೆ ಗೀರುತ್ತಿದ್ದರು. ಮೇಣವು ಎಂದೋ ಹೋಯಿತು. ಆದರೆ ಮೊನೆಯನ್ನು ಬಲವಾಗಿ ಒತ್ತಿದ ಕಡೆ ಗೀರು ಮರಕ್ಕೂ ಹತ್ತಿದ್ದಿತು. ಅದನ್ನು ಓರೆಯಾದ ಬೆಳಕಿನಲ್ಲಿ ಭಾವಚಿತ್ರ ಹಿಡಿದು, ರೋಜರ್ ಟಾಮ್ಲಿನ್ ಎಂಬ ವಿದ್ವಾಂಸರು ಎಂಬತ್ತಕ್ಕೂ ಹೆಚ್ಚು ಹಲಗೆಗಳನ್ನು ಓದಿ ೨೦೧೬ರಲ್ಲಿ ಪ್ರಕಟಿಸಿದರು.

ಅದರಲ್ಲಿ ಒಂದು ಸಾಲಪತ್ರವು ಕ್ರಿ. ಶ. ೫೭ನೆಯ ಜನವರಿ ೮ನೆಯ ತಾರೀಖಿನದು. ದಾಸ್ಯದಿಂದ ಬಿಡುಗಡೆ ಹೊಂದಿದ ಟಿಬುಲ್ಲಸ್ ಎಂಬವನು, ಹಾಗೆಯೇ ಬಿಡುಗಡೆ ಹೊಂದಿದ ಗ್ರಾಟಸ್ ಎಂಬವನಿಗೆ, ತೆಗೆದುಕೊಂಡ ಸರಕಿಗಾಗಿ ೧೦೫ ಡಿನೇರಿಯಸ್ ನಾಣ್ಯಗಳನ್ನು ಕೊಡಬೇಕೆಂದು ಒಪ್ಪಿಕೊಂಡಿದ್ದಾನೆ. ಇನ್ನೊಂದು ಹಲಗೆಯು ಕ್ರಿ. ಶ. ೬೨ರ ಅಕ್ಟೋಬರಿನದು, ವೆರುಲೇಮಿಯಮ್ ಎಂಬ ಊರಿನಿಂದ ಲಂಡನ್ನಿಗೆ ಇಪ್ಪತ್ತು ಹೇರು ಆಹಾರಪದಾರ್ಥಗಳನ್ನು ಸಾಗಿಸುವ ಕರಾರು. ಬೌಡಿಕಾ ರಾಣಿಯು ಊರನ್ನು ಸುಟ್ಟ ಒಂದೆರಡು ವರ್ಷಗಳಲ್ಲಿಯೇ ವ್ಯಾಪಾರವು ಮತ್ತೆ ನಡೆಯತೊಡಗಿತೆಂಬುದು ಇದರಿಂದ ಗೊತ್ತಾಗುತ್ತದೆ. ಇದನ್ನು ಯಾವ ಇತಿಹಾಸಕಾರನೂ ಬರೆದಿಟ್ಟಿರಲಿಲ್ಲ. ಮತ್ತೊಂದು ಹಲಗೆಯಲ್ಲಿ ಲಂಡನ್ನಿನ ಹೆಸರೇ ಇದೆ. ಆ ಹೆಸರನ್ನು ಬರೆದ ಲೇಖಗಳಲ್ಲಿ ಇದುವರೆಗೆ ದೊರೆತ ಅತ್ಯಂತ ಹಳೆಯದು ಅದೇ. ಮಕ್ಕಳಿಗೆ ಅಕ್ಷರ ಕಲಿಸುವ ವೃತ್ತಿಯಲ್ಲಿ ಬಾಳನ್ನು ಕಳೆದ ನನ್ನಂಥವನಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷವನ್ನು ಕೊಟ್ಟದ್ದು ಬೇರೊಂದು ಹಲಗೆ. ಅದರಲ್ಲಿ ವರ್ಣಮಾಲೆಯನ್ನು ಕ್ರಮವಾಗಿ ಬರೆಯಲಾಗಿದೆ, ಅಷ್ಟೇ. ಅದು ಪಾಠಶಾಲೆಯ ಅಭ್ಯಾಸವಾಗಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ.

ಮಿಥ್ರಾಸನ ಗುಡಿಯನ್ನೂ ಸಿಮೆಂಟಿನಿಂದ ಬಿಡಿಸಿ, ಅದರ ಮೂಲಸ್ಥಾನದ ಬಳಿಯಲ್ಲಿ, ಬೀದಿಯಿಂದ ಏಳು ಮೀಟರು ಕೆಳಗೆ, ಹೊಸ ಕಟ್ಟಡದ ಅಡಿಯಲ್ಲಿಯೇ ಮತ್ತೆ ಕಟ್ಟಿದರು. ೨೦೧೭ರ ನವೆಂಬರಿನಿಂದ ಜನರು ಅದನ್ನು ನೋಡುವಂತಾಯಿತು. ೧೯೫೪ರಲ್ಲಿ ಆಗದೆಹೋದುದು ಅರುವತ್ತಮೂರು ವರ್ಷಗಳ ಮೇಲೆ ಒಂದಿಷ್ಟು ಸರಿಹೋಯಿತೆನ್ನಬಹುದು.

ಈ ಪದ್ಧತಿಯಲ್ಲಿ ದೋಷಗಳೇ ಇಲ್ಲವೆಂದು ಹೇಳಲಾಗದು. ಒಂದೆರಡು ಅಗುಳುಗಳಿಂದ ಅನ್ನದ ಹದವನ್ನು ತಿಳಿಯಬಹುದು. ಏಕೆಂದರೆ ಒಂದೇ ಪಾತ್ರೆಯ ಅಕ್ಕಿಯೆಲ್ಲವೂ ಒಂದೇ ಬಗೆಯದು. ನೆಲವು ಹಾಗಲ್ಲ. ತೋಡಿಗೆ ಎರಡು ಮಾರು ಆಚೆಗೆ ಇರುವ ಸಮಾಧಿಯು ತೋಡಿನಲ್ಲಿ ಕಾಣದೆ ಹೋಗಬಹುದು. ನೆಲದೊಳಗೇ ಉಳಿಸಿದ ಅವಶೇಷವು, ಸುತ್ತಲಿನ ಕಟ್ಟಡಗಳಿಂದ ಅಂತರ್ಜಲವು ಇಳಿದಾಗ, ಯಾರಿಗೂ ಕಾಣದೆ ಒಣಗಿ ಪುಡಿಯಾಗಬಹುದು. ಆದುದರಿಂದಲೇ ರೋಸ್ ನಾಟಕಶಾಲೆಯ ತೇವವನ್ನು ಕಾಲಕಾಲಕ್ಕೆ ಅಳೆದು ನೋಡುತ್ತಿರಬೇಕಾಗಿದೆ. ಇನ್ನು ಗೃಹಸ್ಥರು ಸಹಜವಾಗಿ ಕೇಳುವ ಒಂದು ಪ್ರಶ್ನೆಯುಂಟು: ಸತ್ತವರ ಮಡಕೆಯ ಚೂರುಗಳಿಗಾಗಿ ಬದುಕಿರುವವರ ಮನೆಯನ್ನು ನಿಲ್ಲಿಸಬೇಕೆ? ಈ ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಆದರೆ ಪರೀಕ್ಷೆಯ ಉದ್ದೇಶವು ಕಟ್ಟುವುದನ್ನು ನಿಲ್ಲಿಸುವುದಲ್ಲ, ಕಟ್ಟುವವನಿಗೆ ಮೊದಲೇ ತಿಳಿಯುವಂತೆ ಮಾಡುವುದು. ರೋಸ್ ನಾಟಕಶಾಲೆಯ ಸ್ಥಳದಲ್ಲಿ ಕಟ್ಟಿಸಿದವನಿಗೆ ನಷ್ಟವಾದುದು ಅಲ್ಲಿ ಅವಶೇಷವಿದ್ದುದರಿಂದ ಅಷ್ಟಲ್ಲ. ಅದು ತಡವಾಗಿ ಗೊತ್ತಾದುದರಿಂದ. ಕಾಗದದ ಮೇಲಿರುವ ಗೋಡೆಯನ್ನು ಪಕ್ಕಕ್ಕೆ ಸರಿಸಲು ಒಂದು ಗೆರೆ ಸಾಕು. ಎದ್ದು ನಿಂತ ಗೋಡೆಯನ್ನು ಸರಿಸಲು ಹಣದ ಥೈಲಿಯೇ ಬೇಕು.

ಲಂಡನ್ನಿನ ಈ ಕಥೆಗೂ ನಮ್ಮ ಕನ್ನಡ ನಾಡಿಗೂ ಒಂದು ನಂಟಿದೆ. ಗ್ರೈಮ್ಸರಿಗಿಂತ ಮೊದಲು ಲಂಡನ್ ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಗಳಾಗಿದ್ದವರು ಮಾರ್ಟಿಮರ್ ವೀಲರ್. ಅವರು ೧೯೪೪ರಿಂದ ೧೯೪೮ರ ವರೆಗೆ ನಮ್ಮ ದೇಶದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದು, ೧೯೪೭ರಲ್ಲಿ ಚಿತ್ರದುರ್ಗದ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಪದರ ಪದರವಾಗಿ ಅಗ���ಸಿದರು. ಅದಕ್ಕೂ ಮೊದಲೇ, ೧೯೨೯ರಲ್ಲಿ, ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಅಗೆಸಿದ್ದರು. ಅಲ್ಲಿ ದೊರೆತ ನಾಣ್ಯಗಳಲ್ಲಿ ರೋಮನ್ ಚಕ್ರವರ್ತಿಯಾದ ಟೈಬೀರಿಯಸನ ಡಿನೇರಿಯಸ್ ಉಂಟು. ಟಿಬುಲ್ಲಸನು ಲಂಡನ್ನಿನಲ್ಲಿ ಕೊಡಬೇಕಾಗಿದ್ದ ನಾಣ್ಯದ ಜಾತಿಯೂ ಅದೇ. ನಮ್ಮ ಸಂಸ್ಕೃತ ಗ್ರಂಥಗಳಲ್ಲಿ ಬರುವ ದೀನಾರವೆಂಬ ಶಬ್ದದ ಮೂಲವೂ ಅದೇ. ಆ ನಾಣ್ಯವು ಸಂತೆಯಲ್ಲಿ ಬಿಡಿಯಾಗಿ ಸಿಕ್ಕಿದ್ದರೆ ಅಕ್ಕಸಾಲಿಗನ ಮೂಸೆಗೆ ಹೋಗುತ್ತಿದ್ದಿತು. ಚಂದ್ರವಳ್ಳಿಯ ನೆಲದಲ್ಲಿ ದೊರೆತುದರಿಂದಲೇ, ಕನ್ನಡ ನಾಡಿಗೂ ರೋಮಿನ ಸಾಮ್ರಾಜ್ಯಕ್ಕೂ ಇದ್ದ ವ್ಯಾಪಾರಕ್ಕೆ ಅದು ಸಾಕ್ಷಿಯಾಗಿ ನಿಂತಿತು.

ನಮ್ಮಲ್ಲಿ ಪುರಾತನ ಸ್ಮಾರಕಗಳ ರಕ್ಷಣೆಗೆ ಕಾನೂನಿಲ್ಲವೆಂದಲ್ಲ. ೧೯೫೮ರ ಕಾಯಿದೆಯುಂಟು; ೨೦೧೦ರ ತಿದ್ದುಪಡಿಯಿಂದ ಕೇಂದ್ರದ ರಕ್ಷಣೆಗೆ ಒಳಪಟ್ಟ ಸ್ಮಾರಕದ ಸುತ್ತಲಿನ ನೂರು ಮೀಟರುಗಳಲ್ಲಿ ಹೊಸ ಕಟ್ಟಡವು ನಿಷೇಧಿಸಲ್ಪಟ್ಟಿತು. ಆದರೆ ಇದು ಕಣ್ಣಿಗೆ ಕಾಣುವ, ಪಟ್ಟಿಯಲ್ಲಿ ಹೆಸರು ಬರೆದ ಸ್ಮಾರಕಗಳ ಮಾತಾಯಿತು. ಪಟ್ಟಿಯಲ್ಲಿಲ್ಲದ ಹಳೆಯ ಪೇಟೆಯ ಬೀದಿಯೊಂದನ್ನು ಅಗಲಮಾಡುವಾಗಲೂ, ಕೋಟೆಯೊಳಗಿನ ಹಳೆಯ ಮನೆಯೊಂದನ್ನು ಕೆಡವಿ ಅಂತಸ್ತುಗಳನ್ನು ಏರಿಸುವಾಗಲೂ, ನೆಲದೊಳಗಿನ ಪುಟಗಳ ಗೋಷ್ಠಿಯನ್ನು ಯಾರು ಕೇಳುತ್ತಾರೆ? ೨೦೧೨ರಲ್ಲಿ ಬೆಂಗಳೂರಿನ ಕೋಟೆಯ ಬಳಿ ಮೆಟ್ರೋ ರೈಲಿನ ಕೆಲಸಕ್ಕಾಗಿ ಅಗೆದಾಗ ಹಳೆಯ ಫಿರಂಗಿಗಳು ದೊರೆತುವು. ಫಿರಂಗಿಯು ಭಾರವಾದ ಕಬ್ಬಿಣವಾದುದರಿಂದ ಯಂತ್ರಕ್ಕೆ ತಾಗಿ ತನ್ನ ಇರವನ್ನು ತಿಳಿಸಿತು. ಬೋಕಿಗೂ ಬೂದಿಗೂ ಆ ಬಲವಿಲ್ಲ. ಅವು ಲಾರಿಯಲ್ಲಿ ತುಂಬಿ ಹೊರಟುಹೋಗುತ್ತವೆ.

ಸರಕಾರವು ನಿಯಮಗಳನ್ನು ಮಾಡುವಾಗ ಮಾಡಲಿ. ಅಷ್ಟರೊಳಗೆ ಗೃಹಸ್ಥರಾದ ನಾವು ವೆಚ್ಚವಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ. ಹಳೆಯ ಮನೆಯನ್ನು ಕೆಡವುವ ಮೊದಲು ಅದರ ಭಾವಚಿತ್ರಗಳನ್ನು ತೆಗೆದು, ಅಳತೆಯನ್ನು ಬರೆದು, ಮನೆಯ ಹಿರಿಯರಿಂದ ಅದರ ಪೂರ್ವೋತ್ತರವನ್ನು ಕೇಳಿ ಬರೆದಿಡಬಹುದು. ಪಾಯವನ್ನು ತೋಡುವ ದಿವಸಗಳಲ್ಲಿ ಮನೆಯವರೊಬ್ಬರು ಹತ್ತಿರ ನಿಂತು, ಮಣ್ಣಿನ ಬಣ್ಣವು ಎಲ್ಲಿ ಬದಲಾಯಿತು, ಯಾವ ಆಳದಲ್ಲಿ ಏನು ಸಿಕ್ಕಿತು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಬಹುದು. ಬರೆದ ಕಲ್ಲು, ಕೆತ್ತಿದ ಕಲ್ಲುಗಳು ದೊರೆತರೆ ಅವನ್ನು ಒಗೆಯುವ ಬಂಡೆಯನ್ನಾಗಿಯೋ ಮೆಟ್ಟಲನ್ನಾಗಿಯೋ ಮಾಡದೆ, ಇದ್ದಲ್ಲಿಯೇ ಬಿಟ್ಟು, ಸಮೀಪದ ವಸ್ತುಸಂಗ್ರಹಾಲಯದವರಿಗೆ ಅಥವಾ ಪುರಾತತ್ತ್ವ ಇಲಾಖೆಯವರಿಗೆ ಕಾಗದ ಬರೆಯಬಹುದು. ನಾಣ್ಯಗಳೋ ಚಿನ್ನವೋ ದೊರೆತರೆ ಅಧಿಕಾರಿಗಳಿಗೆ ತಿಳಿಸತಕ್ಕದ್ದೆಂಬ ನಿಧಿಯ ಕಾಯಿದೆಯಂತೂ ನಮ್ಮ ದೇಶದಲ್ಲಿ ೧೮೭೮ರಿಂದಲೂ ಬಂದಿರುತ್ತದೆ.

ಶಲ್ಯವನ್ನು ತೆಗೆಯದೆ ಮನೆಯನ್ನು ಕಟ್ಟಬಾರದೆಂದು ನಮ್ಮ ಹಿರಿಯರು ಹೇಳಿದರು. ಅವರ ಮಾತನ್ನು ಬಿಡಬೇಕಾಗಿಲ್ಲ. ತೆಗೆಯುವಾಗ ಒಮ್ಮೆ ನೋಡಿ, ಒಂದು ಸಾಲು ಬರೆದಿಡೋಣ, ಇಷ್ಟೇ. ಟಿಬುಲ್ಲಸನ ಸಾಲಪತ್ರವನ್ನು ಕೆಸರಿಗೆ ಎಸೆದವನು ಅದನ್ನು ಕಸವೆಂದೇ ಎಣಿಸಿರಬೇಕು. ನಮ್ಮ ಊರುಗಳ ನೆಲದಲ್ಲಿಯೂ ಯಾರ ಯಾವ ಮಾತು ಉಳಿದಿದೆಯೋ, ಪಾಯ ತೆಗೆಯುವುದಕ್ಕೆ ಮೊದಲು ಕೇಳಿದರೆ ಮಾತ್ರ ಗೊತ್ತಾಗುವುದು.